ಫ್ರಿಜ್ಜಿನೊಳಗಿನ ರೇಡಿಯೋ

"ಇದೆಂಥದೋ ಇದು, ದೋಸೆ ಹಿಟ್ಟಿನ ಪಕ್ಕ?" ಅಂತ ಅಮ್ಮ ಅಡುಗೆಮನೆಯಿಂದ ಕೂಗಿದಾಗ ನಾನಿನ್ನೂ ಹಲ್ಲುಜ್ಜುತ್ತಿದ್ದೆ. ಫ್ರಿಜ್ಜಿನಲ್ಲಿ ಹಿಟ್ಟಿನ ಪಾತ್ರೆಗೂ ಮೊಸರಿನ ಪಾತ್ರೆಗೂ ಮಧ್ಯೆ ಒಂದು ಹಸಿರು ಸರ್ಕ್ಯೂಟ್ ಬೋರ್ಡು ಮಲಗಿತ್ತು. ಅದರಿಂದ ಹೊರಟ ತೆಳು ವೈರು ಬಾಗಿಲ ರಬ್ಬರಿನ ಸಂದಿಯಲ್ಲಿ ಹಾದು ನನ್ನ ಲ್ಯಾಪ್‌ಟಾಪಿಗೆ ಬಂದಿತ್ತು. ಒಂದು ಮದುವೆಗೆ ಅಂತ ಅಪ್ಪ ಅಮ್ಮ ಹಿಂದಿನ ರಾತ್ರಿಯಷ್ಟೇ ತೀರ್ಥಹಳ್ಳಿಯಿಂದ ಬೆಂಗಳೂರಿಗೆ ಬಂದಿದ್ದರು. ಮಗ ಕೆಲಸದ ಒತ್ತಡದಲ್ಲಿ ಪೂರ್ತಿ ಕೆಟ್ಟುಹೋಗಿದ್ದಾನೆ ಅಂತ ಅಮ್ಮನಿಗೆ ಆವತ್ತು ಖಾತ್ರಿಯಾಗಿರಬೇಕು.

ಎರಡು ತಿಂಗಳಿಂದ ಇಲ್ಲಿ ಏನೂ ಬರೆದಿಲ್ಲ ಯಾಕೆ ಅಂತ ಕೇಳಿದವರಿಗೆ ಇದೇ ಉತ್ತರ. ಆ ಹಸಿರು ಬೋರ್ಡು. ಸ್ವಲ್ಪ ತಾಂತ್ರಿಕ ವಿಷಯ, ಆದರೆ ಪೂರ್ತಿ ಓದಿ ಪ್ಲೀಸ್, ನಡುವೆ ಬೀಸುವ ಕಲ್ಲು, ಬ್ಯಾಡಗಿ ಮೆಣಸಿನಕಾಯಿ ಎಲ್ಲಾ ಬರುತ್ತೆ :-)

ಮೊದಲು ಅಪ್ಪನ ಅಂಗಡಿಯಿಂದ ಶುರು ಮಾಡಬೇಕು. ಅಪ್ಪನದು ರೇಡಿಯೋ, ಟೇಪ್ ರೆಕಾರ್ಡರ್, ಟಿವಿ ರಿಪೇರಿ ಅಂಗಡಿ. ಈಗ ಹೆಚ್ಚಾಗಿ ಮಿಕ್ಸಿ, ಇನ್ವರ್ಟರು. ನಾನು ಪ್ರೈಮರಿ ಶಾಲೆಗೆ ಹೋಗುತ್ತಿದ್ದ ಕಾಲಕ್ಕೆ ರೇಡಿಯೋಗಳು ಇನ್ನೂ ಬರುತ್ತಿದ್ದವು. ತೋಟದ ಮನೆಗಳ ಅಜ್ಜಂದಿರು ಬಟ್ಟೆ ಚೀಲದಲ್ಲಿ ಸುತ್ತಿ ತರುತ್ತಿದ್ದರು. "ಭದ್ರಾವತಿ ಸರಿ ಹಿಡೀತಿಲ್ಲ ಮಾರಾಯ" ಅನ್ನುವುದೊಂದೇ ದೂರು. ಅಪ್ಪ ಹಿಂದಿನ ಮುಚ್ಚಳ ತೆಗೆದರೆ ಒಳಗೆ ಸಾಲಾಗಿ ಪುಟ್ಟ ತಗಡಿನ ಡಬ್ಬಿಗಳು. ಒಂದರ ತಲೆ ಹಳದಿ, ಒಂದರದು ಬಿಳಿ, ಒಂದರದು ಕಪ್ಪು. ಅವೇ ಐಎಫ್‌ಟಿ. ಅವುಗಳ ತಲೆಯ ಮೇಲಿನ ಕೋರನ್ನು ತಿರುಗಿಸಲು ಅಪ್ಪ ಬಿದಿರಿನ ಕಡ್ಡಿಯೊಂದನ್ನು ಸ್ಕ್ರೂಡ್ರೈವರಿನಂತೆ ಕೆತ್ತಿ ಇಟ್ಟುಕೊಂಡಿದ್ದರು. ಕಬ್ಬಿಣದ್ದು ಹತ್ತಿರ ಬಂದರೇ ಟ್ಯೂನಿಂಗ್ ಬದಲಾಗಿಬಿಡುತ್ತೆ. ಕಿವಿಯನ್ನು ಸ್ಪೀಕರಿಗೆ ಕೊಟ್ಟು, ಕಣ್ಣು ಮುಚ್ಚಿ, ಕೂದಲೆಳೆಯಷ್ಟು ತಿರುಗಿಸುವುದು. ಗೊರಗೊರ ಸದ್ದಿನ ಮಧ್ಯದಿಂದ ಒಂದು ಧ್ವನಿ ಮೆಲ್ಲಗೆ ಎದ್ದು ಮುಂದೆ ಬಂದು ನಿಲ್ಲುತ್ತಿತ್ತು. ಆ ಕ್ಷಣಕ್ಕೆ ಅಂಗಡಿಯಲ್ಲಿ ಯಾರೂ ಮಾತಾಡುವ ಹಾಗಿರಲಿಲ್ಲ.

ಆ ಡಬ್ಬಿಗಳು ಮಾಡುತ್ತಿದ್ದುದು ಫಿಲ್ಟರಿನ ಕೆಲಸ ಅಂತ ಗೊತ್ತಾಗಿದ್ದು ಇಂಜಿನಿಯರಿಂಗಿಗೆ ಹೋದ ಮೇಲೆ. ಆಂಟೆನಾಕ್ಕೆ ಎಲ್ಲಾ ಸ್ಟೇಷನ್ನುಗಳೂ ಒಟ್ಟಿಗೇ ಬಂದು ಬೀಳುತ್ತವೆ. ಸಂತೆಯ ಗದ್ದಲದಲ್ಲಿ ಒಬ್ಬರ ಮಾತು ಮಾತ್ರ ಆರಿಸಿ ಕೇಳಬೇಕು. ಪ್ರತಿ ಸ್ಟೇಷನ್ನಿಗೂ ಬೇರೆ ಬೇರೆ ಫಿಲ್ಟರ್ ಇಡುವುದು ಆಗದ ಮಾತು. ಎಡ್ವಿನ್ ಆರ್ಮ್‌ಸ್ಟ್ರಾಂಗ್ ಎಂಬ ಅಮೆರಿಕದವನು 1918ರಲ್ಲಿ ಇದಕ್ಕೊಂದು ಉಪಾಯ ಮಾಡಿದ. ಯಾವ ಸ್ಟೇಷನ್ ಬೇಕೋ ಅದನ್ನೇ ಒಂದು ನಿಗದಿತ ತರಂಗಾಂತರಕ್ಕೆ ಎಳೆದು ತಂದುಬಿಡಿ, ಅಲ್ಲಿ ಒಂದೇ ಒಂದು ಒಳ್ಳೆಯ ಫಿಲ್ಟರ್ ಇಟ್ಟುಕೊಂಡು ಕೂತಿರಿ ಅಂತ. ಅಪ್ಪನ ರೇಡಿಯೋಗಳಲ್ಲಿ ಅದು 455 ಕಿಲೋಹರ್ಟ್ಜ್. ಭದ್ರಾವತಿ ಬರುತ್ತಿದ್ದುದು 675ರಲ್ಲಿ. ರೇಡಿಯೋದೊಳಗಿನ ಆಸಿಲೇಟರ್ 1130ರಲ್ಲಿ ಓಡುತ್ತೆ, ಎರಡರ ವ್ಯತ್ಯಾಸ 455. ಸರಿಯಾಯ್ತಲ್ಲ. ಆದರೆ 1585ರಲ್ಲಿ ಇನ್ಯಾವುದೋ ಸ್ಟೇಷನ್ ಇದ್ದರೆ? ಅದಕ್ಕೂ 1130ಕ್ಕೂ ವ್ಯತ್ಯಾಸ 455ಏ! ಅದೂ ಬಂದು ಭದ್ರಾವತಿಯ ತೊಡೆಯ ಮೇಲೇ ಕೂರುತ್ತೆ. ಇದಕ್ಕೆ ಇಮೇಜ್ ಅಂತಾರೆ. ಈ ಪುಣ್ಯಾತ್ಮ ಮುಂದೆ ಇನ್ನೊಮ್ಮೆ ಬರ್ತಾನೆ, ನೆನಪಿಟ್ಟುಕೊಳ್ಳಿ.

ಫೈನಲ್ ಇಯರ್ ಪ್ರಾಜೆಕ್ಟಿಗೆ ನಾನು ಆರಿಸಿಕೊಂಡಿದ್ದು ಇದನ್ನೇ. ಚಿಪ್ಪಿನೊಳಗೆ ಕೂರುವ, ಕಡಿಮೆ ಕರೆಂಟ್ ಕುಡಿಯುವ ಫಿಲ್ಟರ್. ರಜೆಗೆ ಊರಿಗೆ ಹೋದಾಗ ಅಪ್ಪನಿಗೆ ಹೇಳಿದೆ. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ, "ಚಿಪ್ಪಲ್ಲಿ ಐಎಫ್‌ಟಿ ಎಲ್ಲಿ ಇಡ್ತೀರಿ?"

"ಇಡಲ್ಲ ಅಪ್ಪ, ಅದು ಬೇರೆ ಥರ" ಅಂದಿದ್ದೆ. ಬೇರೆ ಥರ ಅಂದರೆ ಯಾವ ಥರ ಅಂತ ಬಿಡಿಸಿ ಹೇಳುವ ತಾಳ್ಮೆ ಆಗ ಇರಲಿಲ್ಲ. ಅವರಿಗೆ ಅರ್ಥ ಆಗಲ್ಲ ಅನ್ನುವ ಸೊಕ್ಕೂ ಇತ್ತು ಅಂತ ಈಗ ಒಪ್ಪಿಕೊಳ್ತೀನಿ.

ಆ ಬಾಕಿ ಇಲ್ಲಿ ತೀರಿಸ್ತೀನಿ. ಐಎಫ್‌ಟಿಯೊಳಗೆ ಇರುವುದು ಒಂದು ಕಾಯಿಲ್, ಒಂದು ಕೆಪಾಸಿಟರ್. ಕೆಪಾಸಿಟರ್ 180 ಪೈಕೋಫ್ಯಾರಡ್ ಇದ್ದರೆ 455 ಕಿಲೋಹರ್ಟ್ಜ್ ಸಿಗಲು ಕಾಯಿಲ್ 680 ಮೈಕ್ರೋಹೆನ್ರಿ ಇರಬೇಕು. ಚಿಪ್ಪಿನ ಮೇಲೆ ಕಾಯಿಲ್ ಬರೆಯುವುದು ಅಂದರೆ ರಂಗೋಲಿಯ ಸುರುಳಿಯ ಹಾಗೆ ಲೋಹದ ಗೆರೆ ಸುತ್ತುವುದು. ಒಂದು ಮಿಲಿಮೀಟರಿನ ಕಾಲು ಭಾಗದಷ್ಟು ಅಗಲದ ಜಾಗ ಕೊಟ್ಟರೂ ಹತ್ತು ನ್ಯಾನೋಹೆನ್ರಿ ಆಸುಪಾಸು ಸಿಕ್ಕರೆ ಹೆಚ್ಚು. ಬೇಕಾಗಿರುವುದು ಅದರ 68,000 ಪಟ್ಟು. ಅಂದರೆ ಕಾಯಿಲ್ಲಿನ ಆಸೆಯನ್ನು ಬಿಡಬೇಕು.

ಬಿಟ್ಟು ಏನು ಮಾಡೋದು? ಬರ್ನಾರ್ಡ್ ಟೆಲೆಗೆನ್ ಅನ್ನುವ ಡಚ್ಚರವನು 1948ರಲ್ಲಿ ಗೈರೇಟರ್ ಎಂಬ ಕಲ್ಪನೆಯನ್ನು ಮುಂದಿಟ್ಟ. ಇದರ ಒಂದು ಬದಿಗೆ ಕೆಪಾಸಿಟರ್ ಕಟ್ಟಿದರೆ ಇನ್ನೊಂದು ಬದಿಯಿಂದ ನೋಡುವವರಿಗೆ ಅದು ಕಾಯಿಲ್ ಥರ ಕಾಣುತ್ತೆ! ಟ್ರಾನ್ಸಿಸ್ಟರುಗಳಿಂದ ಇದನ್ನು ಮಾಡಬಹುದು. ಚಿಪ್ಪಿನಲ್ಲಿ ಸುಲಭವಾಗಿ ಸಿಗುವ 1 ಪೈಕೋಫ್ಯಾರಡ್ ಕೆಪಾಸಿಟರ್ ಒಂದು, ಹತ್ತು ಮೈಕ್ರೋಸೀಮೆನ್ಸಿನ ಎರಡು ಪುಟ್ಟ ಆಂಪ್ಲಿಫೈಯರ್, ಇಷ್ಟಿದ್ದರೆ 10 ಮಿಲಿಹೆನ್ರಿ ಕಾಯಿಲ್ ತಯಾರು. ನೂರಾರು ಸುತ್ತು ತಂತಿಯ ಕೆಲಸ ಕಣ್ಣಿಗೆ ಕಾಣದ ಜಾಗದಲ್ಲಿ ಮುಗಿದುಹೋಯ್ತು.

ಮೊದಲ ಸಲ ಇದನ್ನು ಓದಿದಾಗ ನಾನು ಹಾಸ್ಟೆಲ್ಲಿನಲ್ಲಿ ಎದ್ದು ಓಡಾಡಿದ್ದೆ, ಅಷ್ಟು ಖುಷಿ.

ಆದರೆ ನಿಜವಾದ ಕಾಯಿಲ್ಲಿಗೆ ಕರೆಂಟ್ ಕೊಡಬೇಕಾಗಿಲ್ಲ, ಈ ವೇಷದ ಕಾಯಿಲ್ಲಿಗೆ ಕೊಡಬೇಕು. ಅದಕ್ಕಿಂತ ದೊಡ್ಡ ಕಷ್ಟ ಅಂದರೆ ಇದು ತಾನೇ ಗದ್ದಲ ಮಾಡುತ್ತೆ. ಬಿಸಿ ಇರುವ ಯಾವ ವಸ್ತುವಿನಲ್ಲೂ ಎಲೆಕ್ಟ್ರಾನುಗಳು ಸುಮ್ಮನೆ ಕೂತಿರಲ್ಲ. ಕೋಣೆಯ ಉಷ್ಣತೆಯಲ್ಲಿ 1 ಪೈಕೋಫ್ಯಾರಡ್ ಕೆಪಾಸಿಟರಿನ ಮೇಲೆ ಸುಮಾರು 64 ಮೈಕ್ರೋವೋಲ್ಟ್ ಗದ್ದಲ ಇದ್ದೇ ಇರುತ್ತೆ. ಯಾವ ಜಾಣತನಕ್ಕೂ ಅದು ಬಗ್ಗಲ್ಲ. ಗದ್ದಲ ಅರ್ಧ ಆಗಬೇಕಾ? ಕೆಪಾಸಿಟರ್ ನಾಲ್ಕು ಪಟ್ಟು ದೊಡ್ಡದಾಗಬೇಕು, ಅದನ್ನು ಅದೇ ವೇಗದಲ್ಲಿ ತುಂಬಿ ಖಾಲಿ ಮಾಡಲು ಕರೆಂಟೂ ನಾಲ್ಕು ಪಟ್ಟು ಬೇಕು. ಕಡಿಮೆ ವಿದ್ಯುತ್ತಿನ ಫಿಲ್ಟರ್ ಡಿಸೈನ್ ಅಂದರೆ ಹೆಚ್ಚುಪಾಲು ಈ ಲೆಕ್ಕದ ಜೊತೆ ಚೌಕಾಸಿ. ಎಷ್ಟು ಗದ್ದಲ ಸಹಿಸಿಕೊಳ್ಳಬಹುದು, ಫಿಲ್ಟರ್ ಎಷ್ಟು ಕಡಿದಾಗಿರಬೇಕು, ಪಕ್ಕದ ಚಾನೆಲ್ಲಿನವನು ಎಷ್ಟು ಜೋರಾಗಿ ಕೂಗಬಹುದು. ಬೇಕಾದ್ದಕ್ಕಿಂತ ಒಂದು ಪಟ್ಟು ಒಳ್ಳೆಯ ಫಿಲ್ಟರ್ ಮಾಡಿದರೂ ತಪ್ಪೇ, ಬ್ಯಾಟರಿ ತಿಂದುಹಾಕುತ್ತೆ.

ಇನ್ನೊಂದು ಉಪಾಯ ಎಂದರೆ ಆ 455ರಂಥ ನಿಗದಿತ ತರಂಗಾಂತರವನ್ನೇ ಇನ್ನೂ ಕೆಳಗೆ ಇಳಿಸಿಬಿಡುವುದು. ಕೆಳಗಿದ್ದಷ್ಟೂ ಫಿಲ್ಟರಿಗೆ ಕೆಲಸ ಕಡಿಮೆ. ಫಿಲಿಪ್ಸ್ ಕಂಪನಿಯವರು 1983ರಲ್ಲಿ ತಂದ ಟಿಡಿಎ 7000 ಎಂಬ ಚಿಪ್ಪು ಇದಕ್ಕೆ ಒಳ್ಳೆಯ ಉದಾಹರಣೆ. ಹದಿನೆಂಟು ಕಾಲಿನ ಒಂದು ಚಿಪ್ಪಿನಲ್ಲಿ ಹೆಚ್ಚುಕಡಿಮೆ ಇಡೀ ಎಫ್‌ಎಂ ರೇಡಿಯೋ. ಮಾಮೂಲಿ ಎಫ್‌ಎಂ ಸೆಟ್ಟಿನಲ್ಲಿ 10.7 ಮೆಗಾಹರ್ಟ್ಜ್ ಇರುವುದನ್ನು ಇವರು ಬರೀ 70 ಕಿಲೋಹರ್ಟ್ಜ್‌ಗೆ ಇಳಿಸಿದರು. ಅಲ್ಲಿ ರೆಸಿಸ್ಟರ್, ಕೆಪಾಸಿಟರ್, ಆಂಪ್ಲಿಫೈಯರುಗಳ ಫಿಲ್ಟರೇ ಸಾಕು, ಐಎಫ್‌ಟಿ ಬೇಡ. ಆದರೆ ಎಫ್‌ಎಂ ಸ್ಟೇಷನ್ 75 ಕಿಲೋಹರ್ಟ್ಜ್‌ನಷ್ಟು ಆಚೀಚೆ ತೂಗಾಡುತ್ತೆ. 70ರಲ್ಲಿ ನಿಂತವನು 75 ಹಿಂದಕ್ಕೆ ಜೀಕಿದರೆ ಸೊನ್ನೆಯನ್ನೂ ದಾಟಿಬಿಡ್ತಾನಲ್ಲ? ಅದಕ್ಕೇ ಸ್ಟೇಷನ್ ಜೀಕಿದ ಕಡೆಗೆ ಆಸಿಲೇಟರನ್ನೂ ಜೀಕಿಸಿ, ಉಳಿಯುವ ತೂಗಾಟವನ್ನು 15ಕ್ಕೆ ಇಳಿಸಿದರು. ಉಯ್ಯಾಲೆ ಮೇಲಿನ ಮಗುವಿನ ಫೋಟೋ ತೆಗೆಯಲು ನಾವೂ ಜೊತೆಗೆ ತೂಗಿದ ಹಾಗೆ. ಎಷ್ಟು ಸಲ ನೆನೆಸಿಕೊಂಡರೂ ನನಗೆ ಇದು ಇಷ್ಟ.

ಕೆಳಗೆ ಇಳಿಸಿದರೆ ಆ ಇಮೇಜ್ ಮಹಾಶಯ ಮಾತ್ರ ತೀರಾ ಪಕ್ಕಕ್ಕೇ ಬಂದು ಕೂರ್ತಾನೆ. ಇವತ್ತಿನ ಬ್ಲೂಟೂತ್ ಚಿಪ್ಪುಗಳಲ್ಲಿ ಇದನ್ನು ತಡೆಯುವ ಒಂದು ರೀತಿಯನ್ನು ಬೀಸುವ ಕಲ್ಲಿನಿಂದ ಹೇಳ್ತೀನಿ. ಅಜ್ಜಿ ಬೀಸುವಾಗ ನೀವು ಕಲ್ಲಿನ ಮಟ್ಟಕ್ಕೆ ಕಣ್ಣಿಟ್ಟು ಒಂದೇ ಕಡೆಯಿಂದ ನೋಡಿ. ಗೂಟ ಎಡಕ್ಕೆ ಬಲಕ್ಕೆ ಹೋಗಿ ಬರುವುದಷ್ಟೇ ಕಾಣುತ್ತೆ, ಕಲ್ಲು ಯಾವ ದಿಕ್ಕಿಗೆ ತಿರುಗುತ್ತಿದೆ ಅಂತ ಹೇಳಕ್ಕಾಗಲ್ಲ. ಪಕ್ಕದ ಗೋಡೆಯ ಕಡೆ ತಮ್ಮನನ್ನೂ ಕೂರಿಸಿ. ಇಬ್ಬರೂ ಕಂಡಿದ್ದನ್ನು ಸೇರಿಸಿದರೆ ದಿಕ್ಕು ಗೊತ್ತಾಗುತ್ತೆ. ಬೇಕಾದ ಸಿಗ್ನಲ್ ಒಂದು ದಿಕ್ಕಿಗೆ ತಿರುಗಿದರೆ ಇಮೇಜ್ ಅದರ ವಿರುದ್ಧ ದಿಕ್ಕಿಗೆ. ಹಾಗಾಗಿ ಚಿಪ್ಪಿನೊಳಗೆ ಎರಡು ದಾರಿ, ತೊಂಬತ್ತು ಡಿಗ್ರಿ ಅಂತರದಲ್ಲಿ ನೋಡುವ ಇಬ್ಬರು. ಅವರಿಬ್ಬರ ನಡುವೆ ಅಡ್ಡ ತಂತಿ ಕಟ್ಟಿದ ಫಿಲ್ಟರ್ ಒಂದು ದಿಕ್ಕಿನ ತಿರುಗಾಟವನ್ನು ಬಿಟ್ಟುಕೊಂಡು ಇನ್ನೊಂದನ್ನು ತಡೆಯುತ್ತೆ.

ನನ್ನ ಪ್ರಾಜೆಕ್ಟು ಇಂಥದ್ದೇ ಫಿಲ್ಟರ್, 2 ಮೆಗಾಹರ್ಟ್ಜ್ ಮೇಲೆ ಕೂತದ್ದು. ಕಂಪ್ಯೂಟರಿನ ಸಿಮ್ಯುಲೇಷನ್ನಿನಲ್ಲಿ ದೇವಸ್ಥಾನದ ಗೋಪುರದ ಹಾಗೆ ಚೆಂದದ ಗ್ರಾಫು ಬಂತು. ವೈವಾದಲ್ಲಿ ಪರೀಕ್ಷಕರು ಅದನ್ನು ನೋಡಿ, "ಚಿಪ್ಪು ಬಿಸಿಯಾದಾಗಿನ ಗ್ರಾಫ್ ಎಲ್ಲಿದೆ? ಫ್ಯಾಕ್ಟರಿಯಲ್ಲಿ ಕೆಪಾಸಿಟರ್ ಹೆಚ್ಚುಕಡಿಮೆಯಾದಾಗಿನದ್ದು?" ಅಂದರು. ನನ್ನ ಹತ್ತಿರ ಇರಲಿಲ್ಲ. ಅಲ್ಲೇ ಕೂತು ಓಡಿಸಿ ತೋರಿಸು ಅಂದರು. ಓಡಿಸಿದೆ. ಗೋಪುರ ಪಕ್ಕದ ಚಾನೆಲ್ಲಿನ ಅಂಗಳಕ್ಕೆ ಹೋಗಿ ನಿಂತಿತ್ತು. ಪಾಸಾದೆ, ಆದರೆ ಅನಲಾಗ್ ಡಿಸೈನ್ ನನ್ನ ಕೈಲಾಗದ ಕೆಲಸ ಅನ್ನುವುದು ಆವತ್ತೇ ತಲೆಯಲ್ಲಿ ಕೂತುಬಿಟ್ಟಿತು. ಕ್ಯಾಂಪಸ್ಸಿನಲ್ಲಿ ಸಾಫ್ಟ್‌ವೇರ್ ಕೆಲಸ ಸಿಕ್ಕಿತು, ಸೇರಿಕೊಂಡೆ. ಒಂದು ಕಂಪನಿ ಬದಲಾಯಿಸಿ ಈಗ ಒಂದು ಚಿಪ್ ಕಂಪನಿಯಲ್ಲಿದ್ದೀನಿ, ಸಾಫ್ಟ್‌ವೇರ್ ಗುಂಪಿನಲ್ಲೇ.

ಇಲ್ಲಿಗೆ ಬಂದ ಮೇಲೆ ಗೊತ್ತಾಗಿದ್ದು, ವೈವಾದಲ್ಲಿ ನನ್ನನ್ನು ಕೆಡವಿದ ಆ ಸಮಸ್ಯೆ ಎಲ್ಲರದ್ದೂ ಹೌದು ಅಂತ. ಚಿಪ್ಪಿನ ಮೇಲಿನ ರೆಸಿಸ್ಟರ್, ಕೆಪಾಸಿಟರ್ ಒಂದೊಂದೂ ಶೇಕಡಾ 15-20ರಷ್ಟು ಆಚೀಚೆ ಆಗಬಹುದು. ಬಿದಿರ ಕಡ್ಡಿ ಹಿಡಿದು ಒಬ್ಬೊಬ್ಬರನ್ನೇ ತಿರುಗಿಸಲು ಜಾಗವೂ ಇಲ್ಲ, ಅಪ್ಪನೂ ಇಲ್ಲ. ಅದಕ್ಕೆ ಕೆಪಾಸಿಟರನ್ನು ಸ್ವಿಚ್ಚು ಹಾಕಿದ ಪುಟ್ಟ ಪುಟ್ಟ ತುಂಡುಗಳಾಗಿ ಮಾಡಿರ್ತಾರೆ. ನಮ್ಮ ಚಿಪ್ಪಿನಲ್ಲಿ 32 ಮೆಟ್ಟಿಲು. ಅದೇ ಥರದ ಒಂದು ಕೆಪಾಸಿಟರನ್ನು ಗೊತ್ತಾದ ಕರೆಂಟಿನಿಂದ ತುಂಬಿಸಿ, ಎಷ್ಟು ಹೊತ್ತಿಗೆ ತುಂಬಿತು ಅಂತ ಕ್ರಿಸ್ಟಲ್ ಗಡಿಯಾರದ ಜೊತೆ ಹೋಲಿಸೋದು. ನಿಧಾನ ಆಯ್ತಾ, ತುಂಡು ಕಡಿಮೆ ಮಾಡು. ಬೇಗ ಆಯ್ತಾ, ಹೆಚ್ಚು ಮಾಡು. ಐದು ಸಲ ನೋಡಿದರೆ ಸರಿಯಾದ ಮೆಟ್ಟಿಲು ಸಿಕ್ಕಿಬಿಡುತ್ತೆ. ಈ ಐದು ಸಲ ನೋಡುವ ಪ್ರೋಗ್ರಾಮ್ ಇದೆಯಲ್ಲ, ಅದು ನನ್ನದು. ಚಿಪ್ಪು ಗಾಢ ನಿದ್ದೆಯಿಂದ ಎದ್ದಾಗಲೆಲ್ಲ ಓಡುತ್ತೆ.

ಹೋದ ವರ್ಷ ನಾನು ಅದರಲ್ಲಿ ಒಂದು ಸುಧಾರಣೆ ಮಾಡಿದೆ. ಎದ್ದ ಮೇಲೆ ಟ್ಯೂನಿಂಗ್ ಶುರುವಾಗುವ ಮೊದಲು 100 ಮೈಕ್ರೋಸೆಕೆಂಡ್ ಸುಮ್ಮನೆ ಕಾಯುವ ಸಾಲೊಂದಿತ್ತು. ಯಾರೋ ಹಳಬರು ಬರೆದದ್ದು, ಯಾಕೆ ಅಂತ ಒಂದಕ್ಷರ ಬರೆದಿರಲಿಲ್ಲ. 20ಕ್ಕೆ ಇಳಿಸಿದೆ. ಲ್ಯಾಬಿನಲ್ಲಿ ಎಲ್ಲಾ ಸರಿಯಾಗೇ ಓಡಿತು. ವಿದ್ಯುತ್ ಉಳಿಸಿದ ಅಂತ ಮೀಟಿಂಗಿನಲ್ಲಿ ಚಪ್ಪಾಳೆ ಬೇರೆ.

ಆ ಚಿಪ್ಪು ಹಾಕಿದ ಉಷ್ಣತೆ ಅಳೆಯುವ ಸೆನ್ಸರುಗಳು ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿಗೆ ಹೋದವು. ಹತ್ತು ಸೆಕೆಂಡಿಗೊಮ್ಮೆ ಎದ್ದು ಇಷ್ಟು ಡಿಗ್ರಿ ಅಂತ ಹೇಳಿ ಮತ್ತೆ ಮಲಗಬೇಕು. ಒಂದು ಬಿಲ್ಲೆ ಬ್ಯಾಟರಿಯಲ್ಲಿ ಎರಡು ವರ್ಷ ಬರಬೇಕು. ಎರಡೇ ತಿಂಗಳಿಗೆ ಒಂದೊಂದಾಗಿ ಸತ್ತವು. ನಮ್ಮನ್ನು ಕರೆಸಿದರು, ಹೋದೆ. ಒಳಗೆ ಆರೇಳು ಡಿಗ್ರಿ ಚಳಿ, ಸೂರಿನವರೆಗೆ ಒಣಮೆಣಸಿನಕಾಯಿ ಚೀಲಗಳು. ಬ್ಯಾಡಗಿ ಮೆಣಸಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಅಂತಾರೆ, ನಾನಂತೂ ಬಾಗಿಲಿನಿಂದ ಬಾಗಿಲಿನವರೆಗೆ ಸೀನಿದೆ. ನಮ್ಮದು ಸರಿಯಿದೆ, ಚೀಲಗಳ ಗೋಡೆಯೇ ಸಿಗ್ನಲ್ ತಿನ್ನುತ್ತಿದೆ ಅಂತ ವರದಿ ಬರೆದೆ. ಚೀಲಗಳ ನಡುವೆ ದಾರಿ ಬಿಡಿಸಿದರು, ಅಲ್ಲಿಯ ಹಮಾಲರು ನನ್ನ ಮಾತಿಗೆ ಅಷ್ಟೂ ಚೀಲ ಹೊತ್ತು ಜರುಗಿಸಿದರು. ಏನೂ ಪ್ರಯೋಜನ ಆಗಲಿಲ್ಲ. ಅದನ್ನು ನೆನೆಸಿಕೊಂಡರೆ ಈಗಲೂ ಕೆಟ್ಟದೆನಿಸುತ್ತೆ.

ಆಮೇಲೆ ಒಂದು ಬೋರ್ಡು ಮನೆಗೆ ತಂದು ಫ್ರಿಜ್ಜಿನಲ್ಲಿಟ್ಟೆ. ಹೊರಗಿದ್ದಾಗ 17ನೇ ಮೆಟ್ಟಿಲು ಆರಿಸುತ್ತಿದ್ದ ಪ್ರೋಗ್ರಾಮ್ ಒಳಗೆ ಹೋದ ಒಂದು ಗಂಟೆಗೆ 12 ಅಂತು, ಮತ್ತೆ 13, ಮತ್ತೆ 12. ಕೆಪಾಸಿಟರ್ ಇಷ್ಟು ಚಳಿಗೆ ಅಷ್ಟೆಲ್ಲ ಬದಲಾಗಲ್ಲ. ಅಳತೆಯೇ ಸುಳ್ಳು ಹೇಳುತ್ತಿದೆ ಅನ್ನುವವರೆಗೆ ಬಂದು ನಿಂತಿದ್ದೆ. ಅಮ್ಮ ಕೂಗಿದ್ದು ಆವತ್ತು.

ಅಪ್ಪ ಕನ್ನಡಕ ಹಾಕಿಕೊಂಡು ಬೋರ್ಡನ್ನು ಕೈಗೆ ತಗೊಂಡು ತಿರುಗಿಸಿ ನೋಡಿದರು. ಈ ಸಲ ನಾನು ಪೂರ್ತಿ ಹೇಳಿದೆ. ಗೈರೇಟರ್, ಬೀಸುವ ಕಲ್ಲು, 32 ಮೆಟ್ಟಿಲು ಎಲ್ಲಾ. ಕಾಫಿ ಆರಿಹೋಯ್ತು.

"ಅಂದ್ರೆ ಅಲೈನ್‌ಮೆಂಟ್ ನೀನೇ ಮಾಡೋದು" ಅಂದರು.

"ನಾನಲ್ಲ, ನನ್ನ ಪ್ರೋಗ್ರಾಮು."

"ಅದೇ. ಸೆಟ್ ಆನ್ ಮಾಡಿ ಎಷ್ಟೊತ್ತಿಗೆ ಮಾಡತ್ತೆ?"

"ತಕ್ಷಣ."

"ಬಿಸಿಯಾಗಕ್ಕೆ ಬಿಡಲ್ವಾ? ತಣ್ಣಗಿರೋ ಸೆಟ್ಟನ್ನ ಆನ್ ಮಾಡಿದ ಕೂಡ್ಲೆ ಟ್ಯೂನ್ ಮಾಡಿದ್ರೆ ಆಮೇಲೆ ಜಾರ್ತದೆ ಕಣೋ."

"ಅದೆಲ್ಲ ವಾಲ್ವ್ ರೇಡಿಯೋ ಕಾಲದ್ದು ಅಪ್ಪ" ಅಂದೆ. ಅಪ್ಪ ಏನೂ ಹೇಳದೆ ಬೋರ್ಡನ್ನು ದೋಸೆ ಹಿಟ್ಟಿನ ಪಕ್ಕ ಎಲ್ಲಿತ್ತೋ ಅಲ್ಲೇ ಇಟ್ಟು ಬಂದರು. ಮದುವೆಗೆ ಹೊರಟರು.

ಮಾತು ತಲೆಯಿಂದ ಹೋಗಲಿಲ್ಲ. ಬಿಸಿಯ ಕಾರಣಕ್ಕಲ್ಲ, ಅಪ್ಪ ಹೇಳಿದ ಕಾರಣ ನನ್ನ ಚಿಪ್ಪಿಗೆ ಹೊಂದುವುದೂ ಇಲ್ಲ. ಆದರೆ ಆ ಕಾಯುವ ಸಾಲು ನೆನಪಾಯ್ತು. ಎರಡು ದಿನ ಬಿಟ್ಟು ಆಫೀಸಿನಲ್ಲಿ ಅನಲಾಗ್ ಗುಂಪಿನವರೊಬ್ಬರನ್ನು ಕಾಡಿ, ಬೋರ್ಡನ್ನು ತಣ್ಣಗೆ ಮಾಡಿ, ಕೆಪಾಸಿಟರ್ ತುಂಬಿಸುವ ಆ 'ಗೊತ್ತಾದ ಕರೆಂಟ್' ಏಳುವುದನ್ನು ಆಸಿಲೋಸ್ಕೋಪಿನಲ್ಲಿ ನೋಡಿದೆ. ಚಳಿಯಲ್ಲಿ, ಅದರಲ್ಲೂ ಬ್ಯಾಟರಿ ಕುಸಿದಾಗ, ಅದು ಸ್ಥಿರವಾಗಲು ಎಪ್ಪತ್ತು ಮೈಕ್ರೋಸೆಕೆಂಡಿನ ಹತ್ತಿರ ಬೇಕಿತ್ತು. ನಾನು ಇಪ್ಪತ್ತಕ್ಕೇ ಅಳೆಯುತ್ತಿದ್ದೆ. ಕರೆಂಟ್ ಕಡಿಮೆ, ಕೆಪಾಸಿಟರ್ ನಿಧಾನ ತುಂಬುತ್ತೆ, ಪ್ರೋಗ್ರಾಮ್ ತುಂಡು ಕಡಿಮೆ ಮಾಡುತ್ತೆ, ಫಿಲ್ಟರ್ ಮೇಲಕ್ಕೆ ಜಾರುತ್ತೆ. ಸೆನ್ಸರ್ ತನ್ನ ಮಾತು ಹೇಳಿ, ಆ ಕಡೆಯವರ "ಹೂಂ, ಕೇಳಿಸ್ತು" ಅನ್ನುವ ಉತ್ತರವನ್ನು ತಾನೇ ಫಿಲ್ಟರಿನಲ್ಲಿ ಕತ್ತರಿಸಿಹಾಕಿ, ಕೇಳಿಸಲಿಲ್ಲವೇನೋ ಅಂತ ಮತ್ತೆ ಮತ್ತೆ ಹೇಳಿ ಬ್ಯಾಟರಿ ಮುಗಿಸುತ್ತಿತ್ತು. ವೈವಾದಲ್ಲಿ ಹೋದ ಅದೇ ಗೋಪುರ, ಅದೇ ಪಕ್ಕದ ಅಂಗಳಕ್ಕೆ.

ಆ ರಾತ್ರಿ ಇನ್ನೊಂದು ಲೆಕ್ಕ ಮಾಡಿದೆ, ಚಪ್ಪಾಳೆ ಬೀಳುವ ಮೊದಲೇ ಮಾಡಬೇಕಿತ್ತು. 80 ಮೈಕ್ರೋಸೆಕೆಂಡ್, ಆ ಹೊತ್ತಿನಲ್ಲಿ 3 ಮಿಲಿಆಂಪ್, ದಿನಕ್ಕೆ 8,640 ಸಲ. ವರ್ಷಕ್ಕೆ ನಾನು ಉಳಿಸಿದ್ದು 0.2 ಮಿಲಿಆಂಪ್-ಅವರ್. ಬ್ಯಾಟರಿಯಲ್ಲಿ ಇರುವುದು 220.

100 ಅಂತ ವಾಪಸ್ ಬರೆದೆ. ಯಾಕೆ ಅಂತ ಪಕ್ಕದಲ್ಲಿ ನಾಲ್ಕು ಸಾಲು ವಿವರಣೆಯನ್ನೂ ಬರೆದೆ. ಮೀಟಿಂಗಿನಲ್ಲಿ ತಪ್ಪು ನನ್ನದೇ ಅಂತ ಹೇಳುವಾಗ ಗಂಟಲು ಒಣಗಿತ್ತು, ಹೇಳಿ ಮುಗಿದ ಮೇಲೆ ಅಷ್ಟೇನೂ ಆಗಲಿಲ್ಲ. ಹೊಸ ಸೆನ್ಸರುಗಳು ಬ್ಯಾಡಗಿಗೆ ಹೋಗಿ ಆರು ವಾರ ಆಯ್ತು, ಇನ್ನೂ ಮಾತಾಡ್ತಿವೆ.

ಅಷ್ಟರಲ್ಲಿ ಊರಿಗೆ ವಾಪಸಾಗಿದ್ದ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಹಿಂದೆ ಅಂಗಡಿಯಲ್ಲಿ ಯಾರದೋ ಮಿಕ್ಸಿ ಗರ್ರೋ ಅಂತಿತ್ತು, ನಿಲ್ಲಿಸಿ ಕೇಳಿದರು.

"ಈಗ ಎಷ್ಟೊತ್ತು ಕಾಯ್ತದೆ?"

"ಒಂದು ಸೆಕೆಂಡನ್ನ ಹತ್ತು ಸಾವಿರ ಭಾಗ ಮಾಡಿದ್ರೆ ಅದ್ರಲ್ಲಿ ಒಂದು ಭಾಗ ಅಪ್ಪ."

"ಅಷ್ಟೇನಾ? ನಾನು ಹತ್ತು ನಿಮಿಷ ಬಿಡ್ತಿದ್ದೆ" ಅಂದು ಮತ್ತೆ ಮಿಕ್ಸಿ ಶುರು ಮಾಡಿದರು.